ಪ್ರಶಸ್ತಿಗೆ ದುಡ್ಡು ಕೊಟ್ಟವರು ಎಲ್ಲಿ ಕೂರಬೇಕು?

ರಾಯಚೂರು ಜಿಲ್ಲೆಯಲ್ಲಿ ರಸಾಯನಶಾಸ್ತ್ರವನ್ನೇ ನಂಬಿ ಬದುಕುವವರು ಕಡಿಮೆಯೇನಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಬಾಯ್ಲರಿಗೆ ಹೋಗುವ ನೀರಿನ ಸಿಲಿಕಾ ಅಳೆಯುವವರಿದ್ದಾರೆ. ಹಟ್ಟಿಯಲ್ಲಿ ಅದಿರಿನ ಪುಡಿಯನ್ನು ಪರೀಕ್ಷಿಸಿ ಟನ್ನಿಗೆ ಎಷ್ಟು ಗ್ರಾಂ ಚಿನ್ನವೆಂದು ಹೇಳುವವರಿದ್ದಾರೆ. ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವ ಎಂ.ಎಸ್ಸಿ. ಹುಡುಗರು, ಬೆಳೆಯಲ್ಲಿ ಉಳಿದ ಕೀಟನಾಶಕ ಪತ್ತೆ ಮಾಡುವ ಕೃಷಿ ವಿಜ್ಞಾನಿಗಳು ಇದ್ದಾರೆ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಕಿಟ್ ಹಿಡಿದು ಬೋರ್‌ವೆಲ್ ನೀರಿನ ಫ್ಲೋರೈಡ್ ನೋಡುವ ಮಹಿಳೆಯರದೂ ರಸಾಯನಶಾಸ್ತ್ರದ ಕೆಲಸವೇ. ಇವರ ಹೆಸರನ್ನು ವೇದಿಕೆಯ ಮೇಲೆ ಕರೆಯುವುದು ಮಾತ್ರ ಅಪರೂಪ.

ಹಾಗಾದರೆ ಇವರಿಗೊಂದು ಪ್ರಶಸ್ತಿ ಬೇಡವೇ? ಬೇಕು. ಆದರೆ ಪ್ರಶಸ್ತಿ ಎಂದರೆ ಶಾಲು, ಹಾರ, ಫೋಟೊ ಎಂದುಕೊಂಡು ಹೊರಟರೆ ಮೂರನೇ ವರ್ಷಕ್ಕೆ ಅದು ನಿಲ್ಲುತ್ತದೆ.

ಮೊದಲು ಹಣದ ಮಾತು. ಪ್ರತಿವರ್ಷ ಪ್ರಾಯೋಜಕರ ಬಾಗಿಲು ತಟ್ಟುವುದು ಒಂದು ದಾರಿ, ದತ್ತಿ ಇಡುವುದು ಇನ್ನೊಂದು. 10 ಲಕ್ಷ ರೂಪಾಯಿಯನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 70,000 ಬರುತ್ತದೆ. ಅಷ್ಟನ್ನೂ ಬಹುಮಾನಕ್ಕೆ ಕೊಟ್ಟುಬಿಟ್ಟರೆ ಇಪ್ಪತ್ತು ವರ್ಷದ ನಂತರ ಆ ಮೊತ್ತಕ್ಕೆ ಬೆಲೆ ಉಳಿಯುವುದಿಲ್ಲ. ಹಳೆಯ ದತ್ತಿಯ ಬಡ್ಡಿಯಲ್ಲಿ ಇಂದು ಚಿನ್ನದ ಪದಕವಿರಲಿ, ಅದರ ಡಬ್ಬಿಯೂ ಬಾರದು. ಬಡ್ಡಿಯ ಒಂದು ಭಾಗ ಅಸಲಿಗೇ ಮರಳಬೇಕು, ಇನ್ನೊಂದು ಭಾಗ ತೀರ್ಪುಗಾರರ ಪ್ರಯಾಣ, ಪತ್ರವ್ಯವಹಾರಕ್ಕೆ ಹೋಗಬೇಕು. ಉಳಿದದ್ದೇ ಬಹುಮಾನ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದಲ್ಲಿ ಪ್ರಶಸ್ತಿ ಮಾಡಿಬಿಡಬಹುದು ಎಂಬ ನಂಬಿಕೆಯೂ ಇದೆ. ಆದರೆ ಮ್ಯಾರಥಾನ್, ಪ್ರಶಸ್ತಿಯಂಥ ಒಂದು ದಿನದ ಕಾರ್ಯಕ್ರಮಗಳ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ.

ದುಡ್ಡು ಕೊಟ್ಟವರು ಹೇಗಿರಬೇಕು ಎಂಬುದಕ್ಕೆ ರಸಾಯನ ವಿಜ್ಞಾನಿ ಶಾಂತಿ ಸ್ವರೂಪ್ ಭಟ್ನಾಗರ್ ಅವರ ಬದುಕಿನಲ್ಲೇ ಒಂದು ಪ್ರಸಂಗವಿದೆ. ಅವರ ಹೆಸರಿನ ಬಹುಮಾನ 1958ರಿಂದ ನಮ್ಮ ರಸಾಯನ ವಿಜ್ಞಾನಿಗಳ ಕನಸು. ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅವರು ಅಟಕ್ ತೈಲ ಕಂಪನಿಯ ತೊಂದರೆಯೊಂದನ್ನು ಬಗೆಹರಿಸಿದರು. ಬಾವಿ ಕೊರೆಯುವ ಕೆಸರು ಉಪ್ಪುನೀರು ತಾಗಿದ ಕೂಡಲೇ ಗಟ್ಟಿಯಾಗುತ್ತಿತ್ತು. ಅದಕ್ಕೆ ನಮ್ಮ ನಾಡಿನ ಮರದ ಅಂಟು ಬೆರೆಸಿ ಸರಿಪಡಿಸಿದರು. ಸಂತೋಷಗೊಂಡ ಕಂಪನಿಯವರು ಸಂಶೋಧನೆಗೆಂದು ಒಂದೂವರೆ ಲಕ್ಷ ರೂಪಾಯಿ ಮುಂದಿಟ್ಟಾಗ, ಅದು ವಿಶ್ವವಿದ್ಯಾಲಯಕ್ಕೆ ಸೇರಲಿ ಎಂದರು ಭಟ್ನಾಗರ್. ಅದರಿಂದ ಅಲ್ಲಿ ಪೆಟ್ರೋಲಿಯಂ ಸಂಶೋಧನಾ ವಿಭಾಗವೇ ಹುಟ್ಟಿತು. ಹಣ ಕೊಟ್ಟದ್ದು ಕಂಪನಿ, ಲೆಕ್ಕ ಇಟ್ಟದ್ದು ಸಂಸ್ಥೆ. ಹಾಗೆಯೇ ನಮ್ಮವರೇ ಆದ ವಿಜ್ಞಾನಿ ಸಿ.ಎನ್.ಆರ್. ರಾವ್ 2005ರಲ್ಲಿ ತಮಗೆ ಬಂದ ಡಾನ್ ಡೇವಿಡ್ ಪ್ರಶಸ್ತಿಯ ಹಣದಿಂದ ಶಿಕ್ಷಣ ಪ್ರತಿಷ್ಠಾನ ಕಟ್ಟಿದರು. ಅದು ಈಗ ವಿಜ್ಞಾನ ಶಿಕ್ಷಕರನ್ನು ಗೌರವಿಸುತ್ತದೆ.

ಹಣ ಕೊಟ್ಟರೂ ಆಯ್ಕೆಯ ಕೋಣೆಗೆ ಪ್ರಾಯೋಜಕರು ಬರಕೂಡದು ಎಂಬುದು ನನ್ನ ಹಟ. ಅದಕ್ಕೆ ಕಾರಣವಿದೆ. ಒಂದು ಕಾರ್ಖಾನೆಯ ಪಕ್ಕದ ಬಾವಿಯಲ್ಲಿ ದ್ರಾವಕ ಸೇರಿದೆ ಎಂದು ವರದಿ ಕೊಟ್ಟ ವಿಶ್ಲೇಷಕಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಪ್ರಶಸ್ತಿಗೆ ಅವಳಿಗಿಂತ ಯೋಗ್ಯರಾರು? ಆದರೆ ಅದೇ ಕಾರ್ಖಾನೆಯವರು ಸಮಿತಿಯಲ್ಲಿ ಕೂತಿದ್ದರೆ ಅವಳ ಹೆಸರು ಮೊದಲ ಸುತ್ತೂ ದಾಟದು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಕಂಡವರಿಗೆ, ಕಹಿಯಾದ ಅಂಕಿಯನ್ನು ಧೈರ್ಯವಾಗಿ ಬರೆಯುವವರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆಲ್ಫ್ರೆಡ್ ನೊಬೆಲ್ ಡೈನಮೈಟ್‌ನ ಹಣ ಬಿಟ್ಟುಹೋದ, ಆಯ್ಕೆಯನ್ನು ಮಾತ್ರ ತನ್ನ ಬಂಧುಗಳಿಗೂ ಕಂಪನಿಗಳಿಗೂ ಬಿಡಲಿಲ್ಲ. 1895ರ ಉಯಿಲಿನಲ್ಲಿ ರಸಾಯನಶಾಸ್ತ್ರದ ಹೊಣೆಯನ್ನು ಸ್ವೀಡನ್ನಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ. ಅಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಸೂಚಿಸುವಂತಿಲ್ಲ. ಯಾರು ಯಾರನ್ನು ಸೂಚಿಸಿದರು ಎಂಬುದು 50 ವರ್ಷ ಗುಟ್ಟು. ನಮ್ಮಲ್ಲಿ ಬಯೊಡೇಟಾ ಹಿಡಿದು ಓಡಾಡುವವರಿಗೆ ಇದು ವಿಚಿತ್ರವಾಗಿ ಕಂಡೀತು. ನೋಂದಣಿ ಶುಲ್ಕ ಕಟ್ಟಿದರೆ 'ಶ್ರೇಷ್ಠ ವಿಜ್ಞಾನಿ' ಫಲಕ ಕಳಿಸುವ ಅಂಗಡಿಗಳ ಬಗ್ಗೆ ಮಾತೇ ಬೇಡ.

ದೊಡ್ಡ ಮೊತ್ತವೇ ಗೌರವ ಎನ್ನುವಂತೆಯೂ ಇಲ್ಲ. ಭಟ್ನಾಗರ್ ಬಹುಮಾನದ ಜೊತೆ 5 ಲಕ್ಷ ಕೊಡುತ್ತಿದ್ದರು. 2024ರಲ್ಲಿ ಮೊದಲ ಬಾರಿ ಕೊಟ್ಟ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ಆ ಹೆಸರು ಉಳಿದಿದೆ, ನಗದು ಇಲ್ಲ.

ರಾಯಚೂರಿನ ಉದ್ಯಮಿಗಳೋ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳೋ ಇಂಥದ್ದಕ್ಕೆ ಕೈಹಾಕುವುದಾದರೆ, ಮೊದಲ ವರ್ಷದ ಪ್ರಕಟಣೆಯಲ್ಲೇ ನಿಯಮಗಳನ್ನು, ಜಿಲ್ಲೆಯ ಹೊರಗಿನ ತೀರ್ಪುಗಾರರ ಹೆಸರನ್ನು, ದತ್ತಿಯ ಲೆಕ್ಕವನ್ನು ಅಚ್ಚು ಹಾಕಲಿ. ತನ್ನ ಶಿಷ್ಯನ ಹೆಸರು ಬಂದಾಗ ತೀರ್ಪುಗಾರ ಎದ್ದು ಹೊರಗೆ ಹೋಗಬೇಕೆಂದೂ ಬರೆಯಲಿ. ಅಷ್ಟು ಆಗದಿದ್ದರೆ ಆ ಹಣದಲ್ಲಿ ದೇವದುರ್ಗದ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡಿಸುವುದೇ ಮೇಲು.