ಸಿಹಿನೀರಿನ ಯಂತ್ರ ಕಡಲಿಗಿಳಿದಾಗ
1959ರಲ್ಲಿ ಕಟ್ಟಿ ಮುಗಿದ ತಮಿಳುನಾಡಿನ ವೈಗೈ ಅಣೆಕಟ್ಟೆಯ ಹಿನ್ನೀರಿನಲ್ಲಿ ಕಯಾಕ್ ಹಾಕಿ ಮೀನು ಪತ್ತೆಹಚ್ಚುವ ಫಿಶ್ ಫೈಂಡರ್ ನೋಡುತ್ತ ಕೂತರೆ ಯಂತ್ರಕ್ಕೆ ಅಂಥ ಭಯವೇನಿಲ್ಲ. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಆಡುವ ಕಾಪ್ಪಿಲಿಯರ ಹುಡುಗರೋ, ದಿಂಡಿಗಲ್ಲಿನವರೋ ಅದೇ ಸಾಮಾನು ಕಟ್ಟಿಕೊಂಡು ರಾಮೇಶ್ವರದ ಕಡಲಿಗಿಳಿದರೆ ಲೆಕ್ಕವೇ ಬೇರೆ. ಅಲ್ಲಿ ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು. ನೀರು ಒಳಸೇರದೆನ್ನುವ ಐಪಿ67 ಮುದ್ರೆಯ ಭರವಸೆ ಒಂದು ಮೀಟರ್ ಆಳದಲ್ಲಿ 30 ನಿಮಿಷಕ್ಕೆ, ಅದೂ ಸಿಹಿನೀರಿನಲ್ಲಿ. ಮಾರುವವರು ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ ಬಿಡಿ. ಪೆಟ್ಟಿಗೆಯೊಳಗೆ ಹನಿ ನೀರು ಹೋಗದಿದ್ದರೂ ಹೊರಗಿನ ಪ್ಲಗ್ ಕೆಡುತ್ತದೆ: ಪಿನ್ನುಗಳ ನಡುವೆ ಉಪ್ಪಿನ ತೇವ ಕೂತು, ಬ್ಯಾಟರಿಯ ಕರೆಂಟು ಅದರ ಮೂಲಕವೇ ಹರಿದು, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ದಡಕ್ಕೆ ಬಂದೊಡನೆ ಬ್ಯಾಟರಿ ಕಳಚಿ, ಪ್ಲಗ್ಗಿಗೆ ಮುಚ್ಚಳ ಹಾಕಿ, ಸಿಹಿನೀರು ಮೆಲ್ಲಗೆ ಸುರಿದು ತೊಳೆಯಬೇಕು. ಪೈಪಿನಲ್ಲಿ ಜೋರಾಗಿ ಬಿಟ್ಟರೆ ಉಪ್ಪು ಒಳಕ್ಕೇ ನುಗ್ಗೀತು. ಒಣಗಿದ ಮೇಲೆ ಪಿನ್ನುಗಳಿಗೆ ಕರೆಂಟು ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸು ತೆಳ್ಳಗೆ ಸವರಿದರೆ ಸಾಕು. ಒದ್ದೆ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಮನೆಮದ್ದು ಇಲ್ಲಿ ನಡೆಯದು. ತೇವ ಆರಿದರೂ ಉಪ್ಪು ಒಳಗೇ ಉಳಿದು, ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ.