ತಕ್ಕಡಿಗೆ ಸಿಗದ ತೂಕ

ಹಾನಗಲ್ಲಿನ ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ಟೆನಿಸ್ ಚೆಂಡು ಬಿಟ್ಟು ತೊಗಲಿನ ಚೆಂಡಿಗೆ ಬಂದ. ಆಟ ಕುದುರಿತ್ತು. ತಂದೆ ಸಂತೋಷದಿಂದ ಹುಬ್ಬಳ್ಳಿಗೆ ಹೋಗಿ ದೊಡ್ಡವರ ಅಳತೆಯ ಬ್ಯಾಟು ತಂದರು. "ಬೆಳಿಯೋ ಹುಡುಗ್ರೀ ಸರ್, ಮೂರು ವರ್ಷ ಬಾಳಿಕಿ ಬರ್ಲಿ" ಎಂದರು. ಸಮವಸ್ತ್ರ ಹೊಲಿಸುವ ಲೆಕ್ಕ! ತಿಂಗಳೊಳಗೆ ಹುಡುಗನ ಸ್ಟ್ರೇಟ್ ಡ್ರೈವ್ ಮಾಯವಾಯಿತು. ಚೆಂಡು ದಾಟಿದ ಮೇಲೆ ಬ್ಯಾಟು ಬರುತ್ತಿತ್ತು.

ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ, ತೊಗಲಿನ ಚೆಂಡಿನದು 156ರಿಂದ 163 ಗ್ರಾಂ. ಗಟ್ಟಿ ಬ್ಯಾಟು ಬೇಕು ನಿಜ. ಆದರೆ ಎಷ್ಟು ಭಾರ?

ಮನೆಯ ಸುತ್ತಿಗೆಯನ್ನು ಹಿಡಿಕೆ ಹಿಡಿದು ಬೀಸಿರಿ. ನಂತರ ತಲೆಯ ಭಾಗ ಹಿಡಿದು ಬೀಸಿರಿ. ತೂಕ ಅದೇ, ಶ್ರಮ ಬೇರೆ. ಭಾರವು ಕೈಯಿಂದ ಇಮ್ಮಡಿ ದೂರ ಹೋದರೆ ಅದನ್ನು ತಿರುಗಿಸುವ ಕಷ್ಟ ನಾಲ್ಮಡಿಯಾಗುತ್ತದೆ. ಹಾಗಾಗಿ ತಕ್ಕಡಿಯಲ್ಲಿ ಸಮ ತೂಗುವ ಎರಡು ಬ್ಯಾಟುಗಳು ಕೈಯಲ್ಲಿ ಸಮವಲ್ಲ; ಉದ್ದನೆಯದು, ತುದಿ ದಪ್ಪಗಿರುವುದು ಹೆಚ್ಚು ಭಾರ.

ಪಾಲಕರೇ, ಅಂಗಡಿಗೆ ಮಗನನ್ನೂ ಕರೆದೊಯ್ಯಿರಿ. ಹಿಡಿಕೆಯ ಮೇಲ್ಗೈ ಒಂದರಿಂದಲೇ ಹತ್ತು ಸಲ ನೇರವಾಗಿ ಬೀಸಲಿ. ಮೊಣಕೈ ಇಳಿದರೆ, ಬ್ಯಾಟಿನ ಮುಖ ತಿರುಗಿದರೆ ಆ ಬ್ಯಾಟು ಬೇಡ. ಹಿಡಿಕೆಯ ತುದಿಯನ್ನು ಎರಡು ಬೆರಳಲ್ಲಿ ತೂಗುಬಿಟ್ಟು, ಹಲಗೆಯನ್ನು ಚೆಂಡಿನಿಂದ ಮೆಲ್ಲಗೆ ತಟ್ಟಿ ನೋಡಿರಿ. ಬೆರಳಿಗೆ ನಡುಕ ತೀರ ಕಡಿಮೆ ಬರುವ ಜಾಗವೇ ಹೊಡೆತಕ್ಕೆ ಒಳ್ಳೆಯದು. ಈ ವಯಸ್ಸಿಗೆ ಕಾಶ್ಮೀರಿ ವಿಲ್ಲೋ ಸಾಕು. ದುಬಾರಿ ಇಂಗ್ಲಿಷ್ ವಿಲ್ಲೋಗೆ ಅವಸರವಿಲ್ಲ.

ನಮ್ಮ ಹುಡುಗನ ಎತ್ತರ ಐದಡಿ. ಈಗ 6ನೇ ನಂಬರಿನ ಬ್ಯಾಟಿನಲ್ಲಿ ಆಡುತ್ತಿದ್ದಾನೆ. ದೊಡ್ಡದನ್ನು ಶಿಗ್ಗಾವಿಯ ಸೋದರಮಾವ ಒಯ್ದರು.