ಸುತ್ತು ಎಷ್ಟು ಹೊತ್ತು? ಪಾತ್ರ ಯಾರಿಗೆ?

ನಮ್ಮ ಸಂಘದ ಆನ್‌ಲೈನ್ ಪಾತ್ರಬರಹ ಪಂದ್ಯಾವಳಿಗೆ ನಿಯಮ ಬರೆಯೋ ಕೆಲಸ ಶುರುವಾಗಿದೆ. ಇಬ್ಬರು ಒಂದೊಂದು ಪಾತ್ರ ಹಿಡಿದು, ಸರದಿಯಂತೆ ಮೂರ್ಮೂರು ಸಲ ಬರೆದು ವಾದಕ್ಕೆ ಇಳಿಯೋ ಆಟ. ವಾಟ್ಸಾಪ್ ಗುಂಪಿನಲ್ಲಿ ಓಡಾಡ್ತಿರೋ ಕರಡು ಹೇಳೋದು ಇಷ್ಟು: ಸರದಿ ಬಂದ 12 ಗಂಟೆಯೊಳಗೆ ಉತ್ತರ ಹಾಕಬೇಕು, ತಪ್ಪಿದರೆ ಔಟ್. ಸೋತವರೂ ಔಟ್. ನಾವು ಇದನ್ನ ಒಪ್ಪೋದಿಲ್ಲ.

12 ಗಂಟೆ ಅನ್ನೋದು ಹಾಸ್ಟೆಲ್ ವೈಫೈ ಹಿಡಿದು ಕೂತವರ ಲೆಕ್ಕ. ಶನಿವಾರ ಕ್ಲಾಸ್ ಮುಗಿಸಿ ಪಾವಗಡದ ಬಸ್ ಹತ್ತಿದವರಿಗೆ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಊರು ಸೇರೋಷ್ಟರಲ್ಲೇ ಕತ್ತಲಾಗಿರುತ್ತೆ. ಕಡ್ಲೆಕಾಯಿ ಕೀಳೋ ಕಾಲವಾದರೆ ಭಾನುವಾರ ಬೆಳಗ್ಗೆಯೇ ಹೊಲ. ಇವರ ಮೇಲೆ ಕರುಣೆ ತೋರಿಸಿ ಅಂತ ನಾವು ಕೇಳ್ತಿಲ್ಲ. ಪಾತ್ರದೊಳಗೆ ನಿಂತು ಮಾತಾಡೋದನ್ನ ಚಿಕ್ಕಂದಿನಿಂದ ಕಣ್ಣಾರೆ ಕಂಡವರು ಇವರೇ. ಇವರನ್ನೇ ಮೊದಲ ವಾರ ಹೊರಗೆ ಹಾಕೋ ನಿಯಮ ಯಾವ ಸೀಮೆ ನಿಯಮ?

ಮಧುಗಿರಿ, ಸಿರಾ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡೋದನ್ನ ನೋಡಿದವರಿಗೆ ಇದು ಅರ್ಥವಾಗುತ್ತೆ. ಅಲ್ಲಿ ಪಾತ್ರಧಾರಿ ಹಣ ತಗೊಳ್ಳೋದಿಲ್ಲ, ಕೊಡ್ತಾನೆ. ದುರ್ಯೋಧನನಿಗೆ ಒಂದು ರೇಟು, ಸೈನಿಕನಿಗೆ ಒಂದು ರೇಟು. ಈ ಪದ್ಧತಿ ನಮಗೆ ಬೇಡ. ಪಾತ್ರವನ್ನ ಚೀಟಿ ಎತ್ತಿ ಹಂಚೋಣ. ಆದರೆ ಅವರದ್ದೇ ಇನ್ನೊಂದು ಪದ್ಧತಿ ಚಿನ್ನದಂಥದ್ದು. ಕೃಷ್ಣ ಇಡೀ ರಾತ್ರಿ ಹಾಡಬೇಕು. ಒಬ್ಬನ ಗಂಟಲಿಗೆ ಆಗೋ ಕೆಲಸವಲ್ಲ. ಅದಕ್ಕೇ ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಇಬ್ಬರ ಹೆಸರು ಹಾಕಿರ್ತಾರೆ. ಜನ ತಕರಾರು ಮಾಡಿದ್ದಿಲ್ಲ. ನಮ್ಮಲ್ಲೂ ಒಂದು ಪಾತ್ರಕ್ಕೆ ಇಬ್ಬರು ಹೆಸರು ಕೊಡೋ ಅವಕಾಶ ಇರಲಿ. ಒಬ್ಬರಿಗೆ ಇಂಟರ್ನಲ್ಸ್ ಬಂದರೆ ಇನ್ನೊಬ್ಬರು ಬರೀತಾರೆ.

ಸಮಯದ ವಿಷಯಕ್ಕೆ ಚೆಸ್ ಗಡಿಯಾರವನ್ನ ನೋಡಿ. ಅಲ್ಲಿ ಒಂದೊಂದು ನಡೆಗೂ ಗಡುವಿಲ್ಲ, ಒಟ್ಟು ಸಮಯಕ್ಕೆ ಗಡುವು. ಒಂದು ನಡೆಗೆ ಅರ್ಧ ಗಂಟೆ ಯೋಚಿಸಿ, ಮುಂದಿನದ್ದನ್ನ ಅರ್ಧ ನಿಮಿಷದಲ್ಲಿ ಆಡಬಹುದು. ನಮ್ಮ ಸಲಹೆ: ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಗಡಿಯಾರ ನಿಲ್ಲಲಿ. ದಿನಕ್ಕೆ ಉಳಿಯೋದು 17 ಗಂಟೆ. ಒಬ್ಬೊಬ್ಬರಿಗೆ 34 ಗಂಟೆ ಕೊಡಿ. ಇಬ್ಬರದ್ದೂ ಸೇರಿ 68, ಅಂದರೆ ಸರಿಯಾಗಿ 4 ದಿನ. ಪಂದ್ಯ ಅದಕ್ಕಿಂತ ಉದ್ದ ಹೋಗೋಕೆ ಸಾಧ್ಯವೇ ಇಲ್ಲ. ಬಸ್ಸಿನಲ್ಲಿ ಸಿಗ್ನಲ್ ಸಿಗದವರು ಒಂದು ಸರದಿಗೆ 20 ಗಂಟೆ ಬಳಸಿದರೂ ಮಿಕ್ಕ ಎರಡಕ್ಕೆ 14 ಗಂಟೆ ಇರುತ್ತೆ. ರಾತ್ರಿ ಎರಡಕ್ಕೆ ಎದ್ದು ಬರೆಯೋ ಹುಚ್ಚೂ ತಪ್ಪುತ್ತೆ (ಅದನ್ನ ಅಸೈನ್‌ಮೆಂಟಿಗೆ ಮೀಸಲಿಡೋಣ).

ಸೋತರೆ ಔಟ್ ಅನ್ನೋದರ ಲೆಕ್ಕವನ್ನೂ ಮಾಡಿ. 32 ಜನ ಸೇರಿದರೆ 31 ಪಂದ್ಯ, 5 ಸುತ್ತು. ಅದರಲ್ಲಿ 16 ಜನ ಒಂದೇ ಪಂದ್ಯ ಬರೆದು ಮನೆಗೆ. ಬರೆಯೋದನ್ನ ಕಲೀಲಿ ಅಂತ ತಾನೇ ಪಂದ್ಯಾವಳಿ? ನಾಲ್ಕು ಜನರ 8 ಗುಂಪು ಮಾಡಿದರೆ ಎಲ್ಲರಿಗೂ ಮೂರು ಪಂದ್ಯ ಖಾತ್ರಿ. ಗುಂಪಿನ ಹಂತ 12 ದಿನ, ಆಮೇಲೆ ಗುಂಪಿಗೊಬ್ಬರಂತೆ 8 ಜನರ ಮೂರು ಸುತ್ತು 12 ದಿನ, ಒಟ್ಟು 24. ನಾಕೌಟ್ ಆದರೆ ಇದೇ ಗಡಿಯಾರದಲ್ಲಿ 20 ದಿನ. ನಾಲ್ಕೇ ದಿನದ ವ್ಯತ್ಯಾಸ! ಎರಡು ಇಂಟರ್ನಲ್ಸ್ ನಡುವೆ ಇಷ್ಟು ಜಾಗ ಸಿಗುತ್ತೆ. ತೀರ್ಪುಗಾರರಿಗೆ 31ರ ಬದಲು 55 ಪಂದ್ಯ ಓದಬೇಕಾಗುತ್ತೆ, ಒಪ್ಪಿದ್ದೇವೆ. ತೀರ್ಪುಗಾರರನ್ನ ಹೆಚ್ಚು ಮಾಡಬೇಕು.

ಇನ್ನು ಜಗಳ ಹುಟ್ಟೋ ಜಾಗ. ‘ನಾನು ಬಾಣ ಬಿಟ್ಟೆ, ನೀನು ಸತ್ತೆ’ ಅಂತ ಎದುರಾಳಿಯ ಪಾತ್ರವನ್ನೂ ತಾವೇ ಬರೆದುಬಿಡೋದು. ಕರಾವಳಿಯ ತಾಳಮದ್ದಳೆಯವರು ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಕೂತಲ್ಲೇ ಅರ್ಥ ಹೇಳ್ತಾ ವಾದ ಮಾಡ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರು ಮಾಡಿದ್ದು ಈ ಮಾತಿನಿಂದ. ವಾಲಿವಧೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ರಾಮನನ್ನ ಪ್ರಶ್ನಿಸಲಿ, ಕೊನೆಗೆ ಸಾಯೋದು ವಾಲಿಯೇ. ಕತೆಯ ಕೊನೆ ಮೊದಲೇ ಗೊತ್ತಿರೋದರಿಂದ ಯಾರು ಗೆದ್ದರು ಅನ್ನೋ ಪ್ರಶ್ನೆ ಯಾರ ಮಾತು ನಿಂತಿತು ಅನ್ನೋದಕ್ಕೆ ತಿರುಗುತ್ತೆ. ನಾವೂ ಹಾಗೇ ಮಾಡೋಣ: ಕತೆಯ ಕೊನೆಯನ್ನ ಚೀಟಿಯ ಜೊತೆಗೇ ಕೊಡಬೇಕು, ಎದುರಿನವರ ಪಾತ್ರದ ಮೈ ಮುಟ್ಟಿದರೆ ಅಂಕ ಕಡಿತ.

ಒಂದು ಸರದಿಗೆ 250 ಪದ ಸಾಕು. ಅವಧಾನದಲ್ಲಿ ಅವಧಾನಿಗಳು ಪದ್ಯವನ್ನ ಒಂದೇ ಉಸಿರಿಗೆ ಮುಗಿಸೋದಿಲ್ಲ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತಿನಲ್ಲಿ ಕಟ್ಟುತ್ತಾರೆ. ಕೇಳೋರು ಮುಂದಿನ ಪಾದಕ್ಕೆ ಕಾಯ್ತಾ ಇರ್ತಾರೆ. ಸಾವಿರ ಪದ ಸುರಿದರೆ ಯಾರೂ ಕಾಯೋದಿಲ್ಲ, ಸ್ಕ್ರೋಲ್ ಮಾಡ್ತಾರೆ.

ಚಾಟ್‌ಜಿಪಿಟಿ ಕೈಲಿ ಬರೆಸೋರ ಬಗ್ಗೆ ಕರಡಿನಲ್ಲಿ ಒಂದು ಪುಟ ಬೆದರಿಕೆ ಇದೆ. ಅದರ ಬದಲು ಫೈನಲ್ ಒಂದನ್ನ ಸೆಮಿನಾರ್ ಹಾಲಿನಲ್ಲಿ, ಎದುರುಬದುರು ಕೂರಿಸಿ, ಕಾಗದ ಪೆನ್ನು ಕೊಟ್ಟು ಬರೆಸಿ. ಕರಡು ಇನ್ನೂ ಅಂತಿಮ ಆಗಿಲ್ಲ. ಊರಿಂದ ಓಡಾಡೋರು, ಮೊದಲ ಸೆಮಿಸ್ಟರಿನವರು ಸುಮ್ಮನಿರದೆ ಅದರ ಕೆಳಗೆ ನಿಮ್ಮ ಬಸ್ ಟೈಮಿಂಗ್ ಬರೀರಿ. 34 ಗಂಟೆ ಸಾಲದು ಅಂದರೆ ಎಷ್ಟು ಬೇಕು ಅಂತಲೂ ಹೇಳಿ.